ಪರ–ವಿರೋಧ: ಕುಂದಾಪುರಕ್ಕೆ ಒಳಚರಂಡಿ ಬೇಕೇ?

ಮಾರ್ಚ್ ಹತ್ತಿರ ಬಂತೆಂದರೆ ಪುರಸಭೆಗಳಲ್ಲಿ ಬಜೆಟ್ ಪೂರ್ವಭಾವಿ ಸಭೆ. ಬೀದಿದೀಪ, ರಸ್ತೆ ಗುಂಡಿ, ಬೀದಿನಾಯಿ, ಮೀನು ಮಾರುಕಟ್ಟೆ ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತವೆ. ಕುಂದಾಪುರದ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡದು ಯುಜಿಡಿ, ಅಂದರೆ ಒಳಚರಂಡಿ. ಕಾಮಗಾರಿ ಶುರುವಾಯಿತು, ಅಲ್ಲಲ್ಲಿ ಪೈಪು ಹೂತರು, ಜಾಗದ ತಕರಾರು ಎದ್ದಿತು. ಯೋಜನೆ ವರ್ಷಗಟ್ಟಲೆ ನೆನೆಗುದಿಗೆ ಬಿತ್ತು. 23 ವಾರ್ಡುಗಳ, 2011ರ ಜನಗಣತಿಯಲ್ಲಿ ಸುಮಾರು 30 ಸಾವಿರ ಜನರಿದ್ದ ಈ ಊರು ತನ್ನ ಹಣವನ್ನೂ ಶ್ರಮವನ್ನೂ ಇದಕ್ಕೇ ಮೊದಲು ಮೀಸಲಿಡಬೇಕೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ಬಾವಿ ಉಳಿಯಬೇಕಿದ್ದರೆ ಪೈಪು ಬೇಕು

ಮೊದಲು ನೆಲ ನೋಡಿ ಮಾತಾಡೋಣ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಹೊಳೆಗಳು ಕೂಡಿ ಪಂಚಗಂಗಾವಳಿಯಾಗಿ ಕಡಲು ಸೇರುವ ಜಾಗ ಇದು. ಊರಿನ ಮೂರು ಬದಿಗೂ ನೀರು. ಮಳೆಗಾಲದಲ್ಲಿ ತಗ್ಗಿನ ವಾರ್ಡುಗಳಲ್ಲಿ ಸ್ವಲ್ಪ ಅಗೆದರೆ ಸಾಕು, ನೀರು ಕಾಣುತ್ತದೆ. ಅದೇ ನೆಲದಲ್ಲಿ ಶೌಚಾಲಯದ ಪಿಟ್, ಅದೇ ನೆಲದಲ್ಲಿ ಕುಡಿಯುವ ಬಾವಿ.

ಇಂಗುಗುಂಡಿಗೂ ಕುಡಿಯುವ ನೀರಿನ ಮೂಲಕ್ಕೂ ನಡುವೆ ಕನಿಷ್ಠ 18 ಮೀಟರ್ ಅಂತರ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಐದು ಸೆಂಟ್ಸ್ ಎಂದರೆ ಸುಮಾರು 200 ಚದರ ಮೀಟರ್. ಜಾಗ ಚೌಕವಾಗಿದ್ದರೆ ಒಂದು ಬದಿ 14 ಮೀಟರ್ ಆಯಿತು. ಅಷ್ಟರಲ್ಲಿ ಮನೆ, ಬಾವಿ, ಪಿಟ್ ಮೂರನ್ನೂ ಇಟ್ಟುಕೊಂಡು 18 ಮೀಟರ್ ಎಲ್ಲಿಂದ ತರುವುದು? ನಮ್ಮ ಪಿಟ್ ಅನ್ನು ಹೇಗೋ ಒಂದು ಮೂಲೆಗೆ ಸರಿಸಿದೆವು ಎಂದಿಟ್ಟುಕೊಳ್ಳಿ, ಆಗ ಅದು ಪಕ್ಕದ ಮನೆಯ ಬಾವಿಗೆ ಹತ್ತಿರವಾಗುತ್ತದೆ. ಹಿಂದೆ ತೆಂಗಿನ ತೋಟದ ನಡುವೆ ಒಂದೊಂದೇ ಮನೆ ಇದ್ದಾಗ ನೆಲ ಇದನ್ನು ತಾಳಿಕೊಳ್ಳುತ್ತಿತ್ತು. ಅದೇ ತೋಟದಲ್ಲಿ ಈಗ ನಾಲ್ಕು ಮಹಡಿಯ ವಸತಿ ಸಮುಚ್ಚಯ ಎದ್ದರೆ ಎಷ್ಟೋ ಮನೆಗಳ ಹೊಲಸು ಒಂದೇ ಗುಂಡಿಗೆ ಇಳಿಯುತ್ತದೆ. ಗುಂಡಿ ತುಂಬಿ ಹರಿದರೆ ಮಳೆನೀರ ಚರಂಡಿ ಸೇರಿ, ತೋಡಿಗೆ ಇಳಿದು, ಹೊಳೆಗೆ ಹೋಗುತ್ತದೆ. ಆ ಹೊಳೆಯಲ್ಲೇ ಬಲೆ ಬೀಸುವವರಿದ್ದಾರೆ, ಚಿಪ್ಪು ಹೆಕ್ಕುವವರಿದ್ದಾರೆ. ನಮ್ಮ ಹೊಲಸಿನ ಫಲ ಉಣ್ಣುತ್ತಿರುವವರು ಅವರು.

ಪಿಟ್ ತುಂಬಿದಾಗ ಅದಕ್ಕೆ ಇಳಿಯುವವರು ಯಾರು ಎಂದೂ ಕೇಳಿಕೊಳ್ಳಬೇಕು. 2013ರ ಕಾಯ್ದೆ ಮನುಷ್ಯರಿಂದ ಮಲ ಬಾಚಿಸುವುದನ್ನು ನಿಷೇಧಿಸಿತು. ಗುಂಡಿಗಿಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಮನೆಮನೆಗೊಂದು ಗುಂಡಿ ಇರುವ ಊರಿನಲ್ಲಿ ಆ ಅಪಾಯ ಪ್ರತಿ ಹಿತ್ತಲಲ್ಲೂ ಕಾದು ಕೂತಿರುತ್ತದೆ.

‘ಸಣ್ಣ ಊರಿಗೆ ಇಷ್ಟು ದೊಡ್ಡ ಯೋಜನೆ ಯಾಕೆ’ ಎನ್ನುವವರು ಒಂದು ವಿಷಯ ಗಮನಿಸಬೇಕು. ಪೈಪು ಹೂಳುವ ಖರ್ಚು ಪುರಸಭೆಯ ತಿಜೋರಿಯಿಂದಲೇ ಬರುವುದಿಲ್ಲ. ಇಂಥ ಯೋಜನೆಗಳನ್ನು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಸರ್ಕಾರದ ಹಣದಲ್ಲಿ ಕಟ್ಟಿಸುತ್ತದೆ. ಪುರಸಭೆ ಮಾಡಬೇಕಾದ ಮುಖ್ಯ ಕೆಲಸ, ಕೊಳಚೆಯನ್ನು ಕೂಡಿಸಿ ಪಂಪು ಮಾಡುವ ಬಾವಿಯಾದ ವೆಟ್‌ವೆಲ್‌ಗೂ ಶುದ್ಧೀಕರಣ ಘಟಕಕ್ಕೂ ಜಾಗ ಒದಗಿಸುವುದು. ಎಲ್ಲ ಸಿಕ್ಕಿಹಾಕಿಕೊಂಡಿರುವುದು ಅಲ್ಲೇ. ವೃತ್ತದ ಅಲಂಕಾರ, ಸ್ವಾಗತ ಕಮಾನು, ಕಡಲ ತೀರದ ಬಣ್ಣದ ದೀಪ ಎಲ್ಲವನ್ನೂ ಒಂದೆರಡು ವರ್ಷ ಬದಿಗಿಟ್ಟು, ಜಾಗಕ್ಕೆಂದೇ ಬಜೆಟ್‌ನಲ್ಲಿ ಹಣ ತೆಗೆದಿಡಬೇಕು. ಜಾಗ ಬಿಟ್ಟುಕೊಡುವವರಿಗೆ ನ್ಯಾಯವಾದ ಬೆಲೆ ಕೊಡಬೇಕು. ಸುತ್ತಲಿನ ಮನೆಯವರನ್ನು ಕೂರಿಸಿ, ವಾಸನೆ ಬಾರದಂತೆ ಏನು ಮಾಡುತ್ತೇವೆಂದು ಲಿಖಿತವಾಗಿ ಹೇಳಬೇಕು.

2021–22ರಿಂದ ಆಸ್ತಿ ತೆರಿಗೆಯನ್ನು ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆಯ ಮೇಲೆ ಲೆಕ್ಕ ಹಾಕುತ್ತಿದ್ದಾರೆ. ಏಪ್ರಿಲ್‌ನಲ್ಲಿ ಸಾಲು ನಿಂತು ತೆರಿಗೆ ಕಟ್ಟುವವರು ಪ್ರತಿಯಾಗಿ ಸ್ವಚ್ಛ ಬಾವಿ ಕೇಳುವುದು ಅತಿಯಾಸೆ ಏನಲ್ಲ. ಯೋಜನೆಯನ್ನು ಅರ್ಧಕ್ಕೆ ಬಿಟ್ಟರೆ ಈಗಾಗಲೇ ನೆಲದಡಿ ಹೂತ ಸಾರ್ವಜನಿಕ ಹಣ ಅಲ್ಲೇ ಕೊಳೆಯುತ್ತದೆ. ಮುಂದೆ ಮತ್ತೆ ಅದೇ ರಸ್ತೆ ಅಗೆಯಲು ಇನ್ನೂ ಹೆಚ್ಚು ತೆರಬೇಕಾಗುತ್ತದೆ.

ವಿರೋಧ: ಕಟ್ಟುವ ಹಣ ಸರ್ಕಾರದ್ದು, ನಡೆಸುವ ಹಣ ನಮ್ಮದು

ಬಾವಿ ಕೆಡುತ್ತಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಹೊಳೆಯ ಸ್ಥಿತಿಯೂ ಕಣ್ಣೆದುರಿಗಿದೆ. ನನ್ನ ವಿರೋಧ ಆ ಕಾಯಿಲೆಗೆ ಕೊಡುತ್ತಿರುವ ಔಷಧಕ್ಕೆ ಮಾತ್ರ.

ಒಳಚರಂಡಿ ಹರಿಯಬೇಕಾದರೆ ಇಳಿಜಾರು ಬೇಕು, ನೀರು ಬೇಕು, ಕರೆಂಟು ಬೇಕು. ನಮ್ಮದು ಸಮತಟ್ಟು ಊರು. ಕೊಳಚೆ ತಗ್ಗಿಗೆ ಇಳಿದ ಮೇಲೆ ಅದನ್ನು ಮತ್ತೆ ಮೇಲಕ್ಕೆತ್ತಿ ದೂರಕ್ಕೆ ತಳ್ಳಲು ವೆಟ್‌ವೆಲ್‌ಗಳಲ್ಲಿ ಹಗಲೂ ರಾತ್ರಿ ಪಂಪು ಓಡಬೇಕು. ಇಲ್ಲಿ ತಗ್ಗಿನ ಜಾಗ ಎಂದರೆ ಹೊಳೆಯ ದಂಡೆಯೇ. ಅಲ್ಲಿ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ಅಡ್ಡ ಬರುತ್ತದೆ, ಮಳೆಗಾಲದಲ್ಲಿ ನೆರೆ ಬರುತ್ತದೆ. ಗಾಳಿಮಳೆಗೆ ಮರ ಬಿದ್ದು ಗಂಟೆಗಟ್ಟಲೆ ಕರೆಂಟು ಹೋಗುವುದು ಕರಾವಳಿಯ ಜೂನ್–ಜುಲೈನಲ್ಲಿ ಹೊಸದೇನಲ್ಲ. ಪಂಪು ನಿಂತರೆ ಊರಿನ ಹೊಲಸೆಲ್ಲ ಒಂದೇ ಮ್ಯಾನ್‌ಹೋಲ್‌ನಲ್ಲಿ ಉಕ್ಕುತ್ತದೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಜಿಲ್ಲೆ ಇದು. ಪೈಪಿನ ಸಂದುಗಳಿಂದ, ಅಂಗಳದ ಕಳ್ಳ ಸಂಪರ್ಕಗಳಿಂದ ಮಳೆನೀರು ಒಳಚರಂಡಿಗೆ ನುಗ್ಗದಂತೆ ತಡೆಯುವುದು ದೊಡ್ಡ ನಗರಗಳಿಗೇ ಆಗಿಲ್ಲ.

ಉಡುಪಿಯ ಇಂದ್ರಾಣಿ ಹೊಳೆಯನ್ನೇ ನೋಡಿ. ನಮಗಿಂತ ದೊಡ್ಡ ಊರು, ಹೆಚ್ಚು ವರಮಾನದ ನಗರಸಭೆ, ಮೊದಲೇ ಹಾಕಿದ ಒಳಚರಂಡಿ, ನಿಟ್ಟೂರಿನಲ್ಲಿ ಶುದ್ಧೀಕರಣ ಘಟಕ. ಇಷ್ಟಿದ್ದೂ ಕೊಳಚೆ ಇಂದ್ರಾಣಿಗೆ ಸೇರಿತು, ಕೆಳಗಿನ ಊರುಗಳ ಬಾವಿಗಳು ಕೆಟ್ಟವು. ಕೊಳಚೆಯನ್ನು ಒಂದೆಡೆ ಕೂಡಿಹಾಕಿ ನಿರ್ವಹಣೆಯಲ್ಲಿ ಸೋತರೆ ಒಂದು ಮನೆಯ ಬಾವಿಯ ಬದಲು ಇಡೀ ಹೊಳೆಸಾಲು ಹಾಳಾಗುತ್ತದೆ.

ನೀರಿನ ಲೆಕ್ಕವನ್ನು ಈ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ. ಒಳಚರಂಡಿ ಇಲ್ಲದ ಊರಿಗೆ ತಲಾ ದಿನಕ್ಕೆ 70 ಲೀಟರ್, ಒಳಚರಂಡಿ ಇರುವ ಅಥವಾ ಬರಲಿರುವ ಊರಿಗೆ 135 ಲೀಟರ್ ಕೊಡಬೇಕೆಂದು ಕೇಂದ್ರದ 1999ರ ನೀರು ಸರಬರಾಜು ಕೈಪಿಡಿ ಹೇಳಿತ್ತು. ಸಾಕಷ್ಟು ನೀರು ಹರಿಯದಿದ್ದರೆ ಪೈಪಿನಲ್ಲಿ ಮಲ ತಂಗಿ ಕಟ್ಟಿಕೊಳ್ಳುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಹೊಳೆಯಲ್ಲಿ ಉಪ್ಪುನೀರು ಮೇಲೇರಿ, ತೀರದ ಬಾವಿಗಳು ಸವಳಾಗಿ, ಟ್ಯಾಂಕರಿಗೆ ಕಾಯುವ ಕರಾವಳಿಯ ಊರು ಆ ಹೆಚ್ಚುವರಿ ನೀರನ್ನು ಎಲ್ಲಿಂದ ತರಬೇಕು?

ಇನ್ನು ದುಡ್ಡು. ಸರ್ಕಾರ ಕಟ್ಟಿಕೊಡುತ್ತದೆ, ನಿಜ. ಕಟ್ಟಿ ಮುಗಿಸಿ ಮಂಡಳಿ ಪುರಸಭೆಗೆ ಹಸ್ತಾಂತರಿಸಿದ ಮರುದಿನದಿಂದ ಪಂಪಿನ ವಿದ್ಯುತ್ ಬಿಲ್ಲು, ಆಪರೇಟರುಗಳ ಸಂಬಳ, ಡೀಸೆಲ್ ಜನರೇಟರು, ಸುಟ್ಟ ಮೋಟಾರಿನ ರಿಪೇರಿ ಎಲ್ಲವೂ ಪುರಸಭೆಯ ಹೊಣೆ. ಬಜೆಟ್ ಪುಸ್ತಕ ತೆರೆದು ನೋಡಿ. ಹಣಕಾಸು ಆಯೋಗದ ಅನುದಾನ ಇದೆ ಎನ್ನುತ್ತಾರೆ. 15ನೇ ಆಯೋಗವು ಇಂಥ ಊರುಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರಿಗೂ ನೈರ್ಮಲ್ಯಕ್ಕೂ ಕಟ್ಟುಬಿದ್ದದ್ದು. ಆ ನೈರ್ಮಲ್ಯದ ಪಾಲಿನಲ್ಲೇ ಘನತ್ಯಾಜ್ಯವೂ ಬರುತ್ತದೆ, ಕಂದಾವರದ ಕಸದ ಘಟಕವನ್ನೂ ನಡೆಸಬೇಕು. ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ತೆಗೆದಿಡುವ ಹಣವನ್ನು ಮುಟ್ಟುವಂತಿಲ್ಲ, ಮುಟ್ಟಲೂಬಾರದು. ಪೌರಕಾರ್ಮಿಕರ ಕೂಲಿ, ಬೀದಿದೀಪ, ನೀರಿನ ಪಂಪು ಕಳೆದ ಮೇಲೆ ಸ್ವಂತ ವರಮಾನದಲ್ಲಿ ಉಳಿಯುವುದು ಕಡಿಮೆ. ಅದನ್ನೂ ವೆಟ್‌ವೆಲ್ ಬಿಲ್ಲಿಗೆ ಸುರಿದರೆ ಒಳರಸ್ತೆಗೂ ಮಳೆನೀರ ಚರಂಡಿಗೂ ಏನು ಗತಿ? ಸಂಪರ್ಕ ಶುಲ್ಕ, ಅಂಗಳ ಅಗೆತದ ಖರ್ಚು ಮನೆಯವರ ಮೇಲೆ ಬೀಳುತ್ತದೆ. ಬಡವರ ಮನೆ ಸಂಪರ್ಕ ಪಡೆಯದೆ ಉಳಿದರೆ ಅವರ ಪಿಟ್ ಹಾಗೆಯೇ ಇರುತ್ತದೆ.

ಹಾಗಾದರೆ ಬೇರೆ ದಾರಿ ಏನು? ಕರ್ನಾಟಕದಲ್ಲೇ ಮಾದರಿ ಇದೆ. ಆಗ ಒಳಚರಂಡಿ ಇಲ್ಲದಿದ್ದ ದೇವನಹಳ್ಳಿ ಪುರಸಭೆ 2015ರಲ್ಲೇ ಮಲತ್ಯಾಜ್ಯ ಶುದ್ಧೀಕರಣ ಘಟಕ ಶುರು ಮಾಡಿತು. ಸಕ್ಕಿಂಗ್ ವಾಹನ ಪಿಟ್‌ನಿಂದ ಹೀರಿ ತಂದದ್ದನ್ನು ಅಲ್ಲಿ ಸಂಸ್ಕರಿಸಿ ಗೊಬ್ಬರ ಮಾಡುತ್ತಾರೆ. ನಮ್ಮಲ್ಲೂ ಪುರಸಭೆ ಮನೆಮನೆಯ ಪಟ್ಟಿ ಮಾಡಿ, ಎರಡು-ಮೂರು ವರ್ಷಕ್ಕೊಮ್ಮೆ ಸರದಿಯ ಮೇಲೆ ವಾಹನ ಕಳಿಸಲಿ. ತುಂಬಿ ಉಕ್ಕಿದ ಮೇಲೆ ಫೋನು ಮಾಡುವ ಪರಿಪಾಠ ನಿಲ್ಲಲಿ. ಯಂತ್ರವೇ ಹೀರುವಾಗ ಮನುಷ್ಯ ಗುಂಡಿಗಿಳಿಯುವ ಪ್ರಮೇಯ ಬರುವುದಿಲ್ಲ. ತೋಡುಗಳ ಬಾಯಲ್ಲಿ ಕೊಳಚೆಯನ್ನು ತಡೆದು, ತಿರುಗಿಸಿ, ಶುದ್ಧೀಕರಿಸುವ ಕೆಲಸಕ್ಕೆ 2021ರಲ್ಲಿ ಆರಂಭವಾದ ಸ್ವಚ್ಛ ಭಾರತ ನಗರ 2.0ರಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳಿಗೆಂದೇ ಅವಕಾಶ ಇಟ್ಟರು. ಮನೆಮನೆಗೆ ಪೈಪು ಎಳೆಯದೆಯೇ ಹೊಳೆಯನ್ನು ಉಳಿಸುವ ಉಪಾಯ ಅದು.

ಐದು ಸೆಂಟ್ಸ್ ಮನೆಗಳ 18 ಮೀಟರ್ ಪ್ರಶ್ನೆಗೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ, ಒಪ್ಪುತ್ತೇನೆ. ಒತ್ತೊತ್ತಾದ ಪೇಟೆ ವಾರ್ಡುಗಳಿಗೆ, ಹೋಟೆಲು-ಲಾಡ್ಜುಗಳ ಸಾಲಿಗೆ ಚಿಕ್ಕ ಜಾಲ, ಅಲ್ಲೇ ಹತ್ತಿರ ಚಿಕ್ಕ ಘಟಕ ಬೇಕೇ ಬೇಕು. ಹೂತಿರುವ ಪೈಪಿನಲ್ಲಿ ಬಳಸಬಹುದಾದದ್ದನ್ನು ಅಲ್ಲಿಗೇ ಜೋಡಿಸಲಿ. 23 ವಾರ್ಡಿಗೂ ಒಂದೇ ಬಲೆ ಹೆಣೆಯುವ ಹಟ ಬಿಡಲಿ.

ಈ ಸಲದ ಬಜೆಟ್‌ನಲ್ಲಿ ಸಕ್ಕಿಂಗ್ ವಾಹನಕ್ಕೊಂದು, ಮಲತ್ಯಾಜ್ಯ ಘಟಕದ ಜಾಗಕ್ಕೊಂದು, ಮಳೆಗಾಲಕ್ಕೆ ಮುಂಚೆ ಮತ್ತು ನಂತರ ವಾರ್ಡುವಾರು ಬಾವಿ ನೀರಿನ ಪರೀಕ್ಷೆಗೊಂದು ಬೇರೆ ಬೇರೆ ಲೆಕ್ಕಶೀರ್ಷಿಕೆ ತೆರೆಯಲಿ. ಪರೀಕ್ಷೆಯ ಫಲಿತಾಂಶವನ್ನು ಪುರಸಭೆಯ ಸೂಚನಾ ಫಲಕದಲ್ಲಿ ಹಾಕಲಿ. ಸ್ವಂತ ಶುದ್ಧೀಕರಣ ಘಟಕ ಓಡಿಸದೆ ಚರಂಡಿಗೆ ಬಿಡುವ ದೊಡ್ಡ ಕಟ್ಟಡಗಳಿಗೆ ಪರವಾನಗಿ ನವೀಕರಿಸುವುದನ್ನು ಏಪ್ರಿಲ್‌ನಿಂದಲೇ ನಿಲ್ಲಿಸಲಿ. ಅದಕ್ಕೆ ಯಾವ ಅನುದಾನವೂ ಬೇಡ.