ಅವೈಜ್ಞಾನಿಕ ಹಂಪ್, ವೈಜ್ಞಾನಿಕ ಲೊಟಲೊಟ

ಮತ್ತೆ ಅದೇ ಸುದ್ದಿ: ‘ಅವೈಜ್ಞಾನಿಕ ಹಂಪ್ ತೆರವಿಗೆ ಸೂಚನೆ’. ಯಾವ ಊರು ಅಂತ ಕೇಳಬೇಡಿ, ನಿಮ್ಮೂರೇ ಅಂದುಕೊಳ್ಳಿ. ಕನ್ನಡ ಪತ್ರಿಕೆಗಳಲ್ಲಿ ‘ಅವೈಜ್ಞಾನಿಕ’ ಎಂಬ ಪದ ಇನ್ನೂ ಬದುಕಿರುವುದೇ ಹಂಪಿನ ದಯೆಯಿಂದ. ಗ್ರಹಣದ ದಿನ ಒಲೆ ಹಚ್ಚದಿರುವುದಕ್ಕೆ, ನಿಂಬೆಹಣ್ಣು ತುಳಿಸಿ ಹೊಸ ಕಾರು ಹೊರಡಿಸುವುದಕ್ಕೆ ಯಾರೂ ಆ ಮಾತು ಆಡುವುದಿಲ್ಲ. ವಿಜ್ಞಾನ ನಮಗೆ ನೆನಪಾಗುವುದು ಡಾಂಬರಿನ ದಿಂಡು ಕಂಡಾಗ ಮಾತ್ರ.

ಹಾಗಾದರೆ ವೈಜ್ಞಾನಿಕ ಹಂಪ್ ಎಂಬುದೊಂದು ಇದೆಯೇ? ಇದೆ. ರಸ್ತೆಗಳಿಗೆ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಬರೆದಿಟ್ಟಿದೆ: ಎತ್ತರ 10 ಸೆಂ.ಮೀ., ವಾಹನ ಸಾಗುವ ದಿಕ್ಕಿನಲ್ಲಿ ಅಗಲ 3.7 ಮೀಟರ್, 17 ಮೀಟರ್ ತ್ರಿಜ್ಯದ ಕಮಾನು. ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಿದರೆ ಮಡಿಲಲ್ಲಿರುವ ಮಗುವಿಗೂ ಎಚ್ಚರವಾಗಬಾರದು, ಅಂಥ ಏರಿಳಿತ. ನಮ್ಮವರು ಇದರಲ್ಲಿ 10 ಸೆಂಟಿಮೀಟರನ್ನು ನಿಷ್ಠೆಯಿಂದ ಪಾಲಿಸಿದ್ದಾರೆ, ಕೆಲವೆಡೆ ಭಕ್ತಿ ಹೆಚ್ಚಾಗಿ 20 ಕೂಡ ಆಗಿದೆ. 3.7 ಮೀಟರಿನಲ್ಲಿ ಒಂದು ಅಡಿ ರಸ್ತೆಯಲ್ಲಿ ಉಳಿದಿದೆ. ಮಿಕ್ಕಿದ್ದು ಬಿಲ್ಲಿನಲ್ಲಿರಬೇಕು.

ಈ ಹಂಪನ್ನು ದಿನವೂ ತಪಾಸಣೆ ಮಾಡಿ ವರದಿ ಕೊಡುವುದು ಮಾತ್ರ ನಿಮ್ಮ ಕಾರು. ವರದಿ ಪೂರ್ತಿ ಅನುಕರಣಾವ್ಯಯದಲ್ಲಿ, ಅಂದರೆ ಸದ್ದನ್ನೇ ಅನುಕರಿಸುವ ಪದಗಳಲ್ಲಿ, ಇರುತ್ತದೆ. ಹೈಸ್ಕೂಲಿನಲ್ಲಿ ಒಂದು ಅಂಕಕ್ಕೆ ಓದಿ ಮರೆತದ್ದು ಇಲ್ಲಿ ಸಾವಿರಾರು ರೂಪಾಯಿ ಉಳಿಸುತ್ತದೆ. ಆದರೆ ಗ್ಯಾರೇಜಿನ ಕೌಂಟರಿಗೆ ಕನ್ನಡ ವ್ಯಾಕರಣ ಬೇಡ. ‘ಮುಂದೆ ಎಡಗಡೆ ಲೊಟಲೊಟ, ತಿರುವಿನಲ್ಲಿ ಕಟಕಟ’ ಎಂದು ಬಿಡಿಸಿ ಹೇಳಿದ್ದು ಜಾಬ್ ಕಾರ್ಡಿನಲ್ಲಿ ‘ನಾಯ್ಸ್ ಚೆಕ್’ ಆಗುತ್ತದೆ. ಸಂಜೆ ‘ನಾಯ್ಸ್ ಓಕೆ’ ಎಂದು ಕಾರು ವಾಪಸ್. ಸದ್ದು ಚೆನ್ನಾಗಿಯೇ ಇದೆ ಎಂದು ಅರ್ಥವಿರಬೇಕು.

ಲೊಟಲೊಟ ಅಂದರೆ, ಸಣ್ಣ ತಗ್ಗುಗಳ ಮೇಲೆ ನಿಧಾನ ಹೋಗುವಾಗ ಬಂದರೆ, ಬಹಳ ಸಲ ಸ್ಟೆಬಿಲೈಜರ್ ಲಿಂಕ್, ಅಂದರೆ ಎಡಬಲ ಚಕ್ರಗಳನ್ನು ಬೆಸೆಯುವ ಬಾರಿನ ತುದಿಯ ಕೊಂಡಿ. ಒಂದು ಚಕ್ರ ಏರಿ ಇನ್ನೊಂದು ಇಳಿದಾಗ ಅದರ ಬಾಲ್ ಜಾಯಿಂಟ್ ಸವೆದದ್ದು ಬಾಯಿಬಿಡುತ್ತದೆ. ಇಲ್ಲೇ ಮೆಕ್ಯಾನಿಕ್ ಎಡವುವುದು. ಒಂದೇ ಚಕ್ರಕ್ಕೆ ಜಾಕ್ ಕೊಟ್ಟು ಲಿಂಕ್ ಅಲ್ಲಾಡಿಸಿ ‘ಗಟ್ಟಿಯಾಗಿದೆ ಸಾರ್’ ಅನ್ನುತ್ತಾನೆ. ಒಂದು ಕಡೆ ಮಾತ್ರ ಎತ್ತಿದಾಗ ಬಾರ್ ತಿರುಚಿಕೊಂಡು ಲಿಂಕನ್ನು ಬಿಗಿಹಿಡಿಯುತ್ತದೆ, ಲೂಸ್ ಕೈಗೆ ಸಿಗುವುದಿಲ್ಲ. ಎರಡೂ ಚಕ್ರ ನೆಲದಲ್ಲಿರಬೇಕು, ಇಲ್ಲವೇ ಎರಡೂ ಒಟ್ಟಿಗೆ ನೇತಾಡಬೇಕು.

ದೊಡ್ಡ ಗುಂಡಿಗೆ ‘ಧಡ್’ ಅಂದರೆ ಲೋವರ್ ಆರ್ಮ್ ಬುಷ್, ಅಂದರೆ ಚಕ್ರವನ್ನು ಹಿಡಿದಿರುವ ಕೆಳತೋಳಿನ ರಬ್ಬರ್ ಬುಷ್, ನೋಡಿಸಿ. ಬುಷ್ ಹೊಸದು ಹಾಕಿಸಿದ ನಾಲ್ಕೇ ತಿಂಗಳಿಗೆ ಮತ್ತೆ ಹರಿಯಿತೇ? ಪಾರ್ಟ್ ಡೂಪ್ಲಿಕೇಟ್ ಅಂತ ಅಂಗಡಿಯವನ ಮೇಲೆ ಹಾರುವ ಮೊದಲು ಒಂದು ಪ್ರಶ್ನೆ ಕೇಳಿ: ಕೊನೆಯ ಟೈಟ್ ಕೊಟ್ಟಾಗ ಕಾರು ಎಲ್ಲಿತ್ತು? ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬೋಲ್ಟ್ ಬಿಗಿದರೆ, ಕಾರು ಕೆಳಗಿಳಿದ ಕ್ಷಣದಿಂದ ಆ ರಬ್ಬರ್ ತಿರುಚಿಕೊಂಡೇ ಬದುಕಬೇಕು. ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಬಿಗಿಯಬೇಕು.

ಸಿಗ್ನಲ್ಲಿನಲ್ಲಿ ನಿಂತಾಗ ಕೆಳಗಿನಿಂದ ಝಣಝಣ: ಸೈಲೆನ್ಸರಿನ ಹೀಟ್ ಶೀಲ್ಡ್, ಶಾಖ ತಡೆಯುವ ತಗಡು. ಬೋಲ್ಟಿನ ತೂತು ತುಕ್ಕು ತಿಂದು ಅಗಲವಾಗಿರುತ್ತದೆ. ದೊಡ್ಡ ವಾಷರ್ ಅಥವಾ ಸ್ಟೀಲ್ ಕ್ಲಾಂಪ್ ಸಾಕು, ಸೈಲೆನ್ಸರ್ ಬದಲಿಸಿ ಎಂದವನಿಗೆ ಕೈಮುಗಿದು ಬನ್ನಿ. ಬ್ರೇಕನ್ನು ಹಗುರವಾಗಿ ಒತ್ತಿದ ಕೂಡಲೇ ಸದ್ದು ನಿಂತರೆ ಬ್ರೇಕ್ ಪ್ಯಾಡಿನ ಕ್ಲಿಪ್ ಅಥವಾ ಪ್ಯಾಡನ್ನು ಒತ್ತುವ ಕ್ಯಾಲಿಪರಿನ ಪಿನ್. ಸ್ಟೀರಿಂಗ್ ಪೂರ್ತಿ ತಿರುಗಿಸಿ ಆಕ್ಸಿಲರೇಟರ್ ಕೊಟ್ಟಾಗ ಕಟಕಟ ಬಂದರೆ ಚಕ್ರವನ್ನು ತಿರುಗಿಸುವ ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ಚಕ್ರದ ಒಳಬದಿಗೆ ಗ್ರೀಸ್ ಸಿಡಿದಿದೆಯೇ ನೋಡಿ, ಜಾಯಿಂಟಿನ ರಬ್ಬರ್ ಹೊದಿಕೆ, ಅಂದರೆ ಬೂಟ್, ಹರಿದಿರುತ್ತದೆ.

ಇಷ್ಟೆಲ್ಲಕ್ಕೂ ಮೊದಲು ಮಾಡಬೇಕಾದ ಕಾಸಿಲ್ಲದ ಕೆಲಸ: ಕಾರನ್ನು ಖಾಲಿ ಮಾಡಿ. ನಾಣ್ಯ, ಬಾಟಲಿ, ಡ್ಯಾಷ್‌ಬೋರ್ಡಿನ ಗಣಪ, ಎಲ್ಲ ಇಳಿಯಲಿ. ಡಿಕ್ಕಿಯ ಜಾಕನ್ನು ಅದರ ಗೂಡಿನಲ್ಲೇ ಸ್ವಲ್ಪ ತಿರುಗಿಸಿ ಬಿಗಿಯಾಗಿ ಕೂರಿಸಿ, ಸ್ಟೆಪ್ನಿಯ ನಟ್ ನೋಡಿ, ನಂಬರ್ ಪ್ಲೇಟಿನ ಹಿಂದೆ ಸ್ಪಂಜಿನ ಟೇಪ್ ಅಂಟಿಸಿ. ಕಿವಿ ಚುರುಕಿರುವ ಒಬ್ಬರನ್ನು ಹಿಂದಿನ ಸೀಟಿನಲ್ಲಿ ಕೂರಿಸಿ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ನಾಲ್ಕು ಒಟ್ಟಿಗೆ ಬದಲಿಸಿದರೆ ಸದ್ದು ಹೋಗಬಹುದು, ಕಳ್ಳ ಯಾರೆಂದು ಗೊತ್ತಾಗುವುದಿಲ್ಲ.

ಕಾರಿನವರ ಗೋಳು ಇಷ್ಟೇ, ಬುಷ್ ಹೋಯಿತು, ಹೊಸದು ಹಾಕಿಸಿದೆವು. ಬೈಕಿನ ಹಿಂದೆ ಒಂದು ಪಕ್ಕಕ್ಕೆ ಕಾಲು ಹಾಕಿ ಕೂತವಳಿಗೆ ಬುಷ್ಷೂ ಇಲ್ಲ, ಬೆಲ್ಟೂ ಇಲ್ಲ. ಬಣ್ಣ ಬಳಿಯದ, ಫಲಕ ಇಲ್ಲದ, ಬೀದಿದೀಪವೂ ಇಲ್ಲದ ಹಂಪಿನ ಮೇಲೆ ಅವಳು ಹಾರಿ ಬೀಳುತ್ತಾಳೆ, ತಲೆಗೆ ಪೆಟ್ಟು. ಮಾರನೇ ದಿನ ಒಳಪುಟದಲ್ಲಿ ನಾಲ್ಕು ಸಾಲು, ಅದರಲ್ಲೂ ಆ ದರಿದ್ರ ಪದ. ಅವೈಜ್ಞಾನಿಕವಂತೆ. ಹಾಕಿದವನಿಗೆ ಹೆಸರಿತ್ತು, ಬಿಲ್ ಪಾಸು ಮಾಡಿದವನಿಗೆ ಸಹಿ ಇತ್ತು. ಬರೆಯುವಾಗ ಮಾತ್ರ ತಪ್ಪು ವಿಜ್ಞಾನದ್ದು.

ಇರಲಿ. ಕೊನೆಯ ಪರೀಕ್ಷೆ ಒಂದಿದೆ. ಸದ್ದು ಕಾರಿನದೋ ರಸ್ತೆಯದೋ ತಿಳಿಯಲು ನುಣುಪಾದ ರಸ್ತೆ ಬೇಕು. ಮಂತ್ರಿಗಳು ಬರುವ ಹಿಂದಿನ ರಾತ್ರಿ ಜೆಸಿಬಿ ಬಂದು ಹಂಪುಗಳನ್ನು ಕೆರೆದು ಹೋಗುತ್ತದೆ, ಗುಂಡಿಗಳೂ ಮುಚ್ಚಿರುತ್ತವೆ. ಟೈರಿನ ಗಾಳಿ ಕಂಪನಿ ಹೇಳಿದಷ್ಟೇ ಇರಲಿ, ಕಿಟಕಿ ಇಳಿಸಿ, ರೇಡಿಯೋ ಆರಿಸಿ, ಬೆಳಿಗ್ಗೆ ಬ್ಯಾರಿಕೇಡ್ ಬೀಳುವ ಮೊದಲೇ ಎರಡು ಸುತ್ತು ಹಾಕಿಬಿಡಿ. ಮೂರನೇ ದಿನ ಹಂಪ್ ವಾಪಸ್ ಬಂದಿರುತ್ತದೆ.