ಮೀಟರ್ ಮೇಲೆ ಇಪ್ಪತ್ತು

ಚೌಕಾಸಿ ನನ್ನ ಕೈಲಾಗುವ ಕೆಲಸವಲ್ಲ. ಗಾಂಧಿ ಬಜಾರಿನಲ್ಲಿ ಹೂವಿನವಳು ಎಷ್ಟು ಹೇಳುತ್ತಾಳೋ ಅಷ್ಟು ಕೊಟ್ಟು, 'ಚಿಲ್ಲರೆ ಇಟ್ಕೊಳ್ಳಿ' ಅಂತಲೂ ಹೇಳಿ ಬರುವ ಪೈಕಿ ನಾನು. ಮನೆಗೆ ಬಂದರೆ ಅಮ್ಮ ಆ ಹೂವನ್ನು ಮೊಣಕೈಗೆ ಹಿಡಿದು ಅಳೆಯುತ್ತಾರೆ. 'ಇದು ಯಾರ ಮೊಳ? ಅವಳ ಮಗೂದಾ?' ಅನ್ನುತ್ತಾರೆ. ಅದಕ್ಕೇ ಇರಬೇಕು, ಆಟದಲ್ಲಿ ಯಾರಾದರೂ ಚೌಕಾಸಿಗೆ ಇಳಿದರೆ ನನ್ನ ಕಿವಿ ನೆಟ್ಟಗಾಗುತ್ತದೆ.

ಆಟ ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ತಿಂಗಳಿಗೆ ಎರಡು ಭಾನುವಾರ ಜಯನಗರದ ಸ್ನೇಹಿತನ ಮನೆಯಲ್ಲಿ ಐದು ಜನ ಊಟದ ಮೇಜಿನ ಸುತ್ತ ಕೂರುತ್ತೇವೆ. ನಾಲ್ವರದು ಒಂದೊಂದು ಪಾತ್ರ. ಕಥೆ ನಡೆಸುವವನು ಡಿಎಂ, ಅಂದರೆ ಡಂಜನ್ ಮಾಸ್ಟರ್. ಎದುರಿಗೆ ಬರುವ ರಾಜ, ಕಾವಲುಗಾರ, ಕುದುರೆ ಮಾರುವವನು ಎಲ್ಲ ಅವನೇ. ಕಷ್ಟದ ಕೆಲಸಕ್ಕೆ ಕೈ ಹಾಕಿದರೆ ಇಪ್ಪತ್ತು ಮುಖದ ದಾಳ ಹಾಕಬೇಕು. ಬಿದ್ದ ಗರಕ್ಕೆ ಪಾತ್ರದ ಅಂಕ ಸೇರಿಸಿ, ಡಿಎಂ ಮನಸ್ಸಿನಲ್ಲಿಟ್ಟ ಸಂಖ್ಯೆ ಮುಟ್ಟಿದರೆ ಗೆದ್ದಿರಿ. ಗೋಡೆ ಹತ್ತುವುದಕ್ಕೂ ಇದೇ ಲೆಕ್ಕ, ಮನಸ್ಸು ಒಲಿಸುವುದಕ್ಕೂ ಇದೇ ಲೆಕ್ಕ.

ತಕರಾರು ಇರುವುದು ಇಲ್ಲೇ. ಗೋಡೆಯನ್ನು ಯಾರೂ ಎದ್ದು ಹತ್ತಿ ತೋರಿಸುವುದಿಲ್ಲ. ಮಾತನ್ನು ಮಾತ್ರ ಕೂತಲ್ಲೇ ಆಡಿಬಿಡಬಹುದಲ್ವಾ? ನಮ್ಮಲ್ಲಿ ಒಬ್ಬ ವಿಮೆ ಏಜೆಂಟ್ ಇದ್ದಾನೆ. ಅವನ ಪಾತ್ರ ಕೊಡಲಿ ಹಿಡಿದ ಒರಟ. ಕರಿಸ್ಮಾ, ಅಂದರೆ ಜನರನ್ನು ಸೆಳೆಯುವ ಗುಣ, ಬರೀ 8. ಹಾಗಾಗಿ ಬಿದ್ದ ಗರದಿಂದ ಒಂದು ಕಳೆಯಬೇಕು. ಆದರೆ ಏಜೆಂಟ್ ಬಾಯಿ ತೆರೆದರೆ ಕೋಟೆ ಕಾವಲುಗಾರ ಪಾಲಿಸಿಗೆ ಸಹಿ ಹಾಕುವ ಹಂತಕ್ಕೆ ಬಂದುಬಿಡುತ್ತಾನೆ. ಇನ್ನೊಬ್ಬಳು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ. ಮಾತು ಕಮ್ಮಿ. ಅವಳ ಪಾತ್ರ ಊರೂರು ಅಲೆಯುವ ಹಾಡುಗಾರ್ತಿ, ಕರಿಸ್ಮಾ 16. ಒಲಿಸುವ ವಿದ್ಯೆಯೂ ಸೇರಿ ಐದು ಅಂಕ ಕೂಡುತ್ತದೆ.

ಒಂದು ಭಾನುವಾರ ಕೋಟೆ ಬಾಗಿಲಲ್ಲಿ ನಿಂತಿದ್ದೆವು. 'ಕಾವಲುಗಾರನನ್ನ ನಾನು ಒಪ್ಪಿಸ್ತೀನಿ' ಅಂದಳು ಆಡಿಟರ್ ಹುಡುಗಿ. 'ಏನು ಹೇಳಿ?' ಅಂತ ಡಿಎಂ ಕೇಳಿದ. ಅವಳು ಪೆನ್ಸಿಲ್ ತಿರುಗಿಸುತ್ತ ಕೂತಳು. ನಾನು ಕಾಂಗ್ರೆಸ್ ಕಡಲೆಕಾಯಿ ತಟ್ಟೆಯನ್ನು ಅವಳ ಕಡೆ ಸರಿಸಿ ಗೋಡೆ ನೋಡಿದೆ. 'ನಾನು ಹೇಳ್ಲಾ?' ಅಂದ ಏಜೆಂಟ್. 'ನೀನೇ ಹೇಳು' ಅಂದಳು. ದಾಳ ಅವಳ ಕೈಯಲ್ಲೇ ಉಳಿಯಿತು. ಕತ್ತಿ ಬೀಸುವವನಿಗೆ 'ಮೊದಲು ಈ ಗ್ಯಾಸ್ ಸಿಲಿಂಡರ್ ಎತ್ತಿ ತೋರಿಸು' ಅಂತ ಯಾವ ಡಿಎಂ ಕೂಡ ಕೇಳಿದ್ದನ್ನು ನಾನು ಕಂಡಿಲ್ಲ.

ಹಾಗಂತ ಮಾತೇ ಬೇಡ, ದಾಳವೊಂದೇ ಸಾಕು ಅಂದರೂ ಕಷ್ಟ. 1974ರಲ್ಲಿ ಈ ಆಟ ಮೊದಲು ಬಂದಾಗ ಎದುರಾದವರು ನಿಮ್ಮನ್ನು ಹೇಗೆ ಕಾಣುತ್ತಾರೆ ಅನ್ನುವುದಕ್ಕೆ ಎರಡು ಸಾದಾ ದಾಳದ ಒಂದು ಪುಟ್ಟ ಪಟ್ಟಿ ಇತ್ತು. 2000ದಲ್ಲಿ ಬಂದ ಮೂರನೇ ಆವೃತ್ತಿ ಅದನ್ನು ರೇಷನ್ ಕಾರ್ಡಿನಷ್ಟು ಬಿಗಿ ಮಾಡಿತು. ಹಗೆಯವನು ಸ್ನೇಹಿತನಾಗಬೇಕಾದರೆ 35, ಮೈಮೇಲೆ ಬಿದ್ದು ಸಹಾಯ ಮಾಡಬೇಕಾದರೆ 50. 2003ರಲ್ಲಿ ತಿದ್ದಿದ ನಿಯಮದಲ್ಲಿ ಒಂದು ನಿಮಿಷ ಮಾತಾಡಿದರೆ ಸಾಕು. ಅವಸರವಿದ್ದರೆ 10 ಕಳೆದುಕೊಂಡು ಆರೇ ಸೆಕೆಂಡಿನಲ್ಲೂ ಮುಗಿಸಬಹುದು. ಅಂಕ ಕೂಡಿಸುವುದರಲ್ಲಿ ಚುರುಕಾದವರು ಸಿಕ್ಕಸಿಕ್ಕವರನ್ನೆಲ್ಲ ಆರು ಸೆಕೆಂಡಿನಲ್ಲಿ ನೆಂಟರು ಮಾಡಿಕೊಂಡರು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತು ಬಂದ ಯಾರೂ ಇದನ್ನು ನಂಬುವುದಿಲ್ಲ.

ನಮ್ಮ ಡಿಎಂ ಪುತ್ತೂರಿನ ಕಡೆಯವನು, ತಾಳಮದ್ದಳೆ ಕೇಳುತ್ತ ಬೆಳೆದವನು. ಒಮ್ಮೆ ಏಜೆಂಟ್ ರಾಜನ ಹತ್ತಿರ ಕಿರೀಟವನ್ನೇ ಕೇಳಿ ದಾಳ ಹಾಕಿದ. ನೇರ ಇಪ್ಪತ್ತು ಬಿತ್ತು. ಕುರ್ಚಿ ಮೇಲೆ ಹತ್ತಿ ಕುಣಿದ. ಡಿಎಂ ತಣ್ಣಗೆ ಹೇಳಿದ: 'ಕೃಷ್ಣನಿಗೇ ಐದು ಊರು ಸಿಗ್ಲಿಲ್ಲ ಮಾರಾಯ, ನಿನಗೆ ಕಿರೀಟ ಬೇಕಾ?' ರಾಜ ಜೋಕು ಅಂದುಕೊಂಡು ನಕ್ಕ, ತಲೆ ತೆಗೆಸಲಿಲ್ಲ. ಇಪ್ಪತ್ತಕ್ಕೆ ಸಿಕ್ಕಿದ್ದು ಅಷ್ಟೇ. ಇದು ನ್ಯಾಯ ಅಂತಲೇ ನನಗೆ ಅನ್ನಿಸಿತು. ಸಂಧಾನ ಮುರಿಯುತ್ತದೆ ಅಂತ ಗೊತ್ತಿದ್ದೂ ಅರ್ಥಧಾರಿಗಳು ರಾತ್ರಿಯಿಡೀ ವಾದ ಮಾಡುತ್ತಾರಲ್ಲ, ಜನವೂ ಕೂತು ಕೇಳುತ್ತಾರಲ್ಲ.

ನನಗೆ ಹಿಡಿಸಿದ ನಿಯಮ ಬೇರೆ ಆಟದ್ದು. 2010ರಲ್ಲಿ ಬಂದ ಅಪೋಕ್ಯಾಲಿಪ್ಸ್ ವರ್ಲ್ಡ್. ಅದರಲ್ಲಿ ಒಬ್ಬರನ್ನು ಒಪ್ಪಿಸಬೇಕಾದರೆ ಅವರಿಗೆ ಬೇಕಾದ್ದು ಏನೋ ಒಂದು ಮೊದಲು ನಿಮ್ಮ ಕೈಲಿರಬೇಕು. ಆಮೇಲೆ ಎರಡು ಸಾದಾ ದಾಳ. ಒಟ್ಟು 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಬರೀ ಮಾತು ಕೊಟ್ಟರೆ ಸಾಕು. 7ರಿಂದ 9 ಬಿದ್ದರೆ ಬರೀ ಮಾತು ನಡೆಯುವುದಿಲ್ಲ, ಏನಾದರೂ ಗಟ್ಟಿ ಭರವಸೆ ಈಗಲೇ ಬೇಕು.

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಇದು ಹೊಸದೇನಲ್ಲ. ಒಬ್ಬರು ಮಾಲೀಕರು 10 ತಿಂಗಳ ಅಡ್ವಾನ್ಸ್ ಕೇಳಿದ್ದರು. ನಾನು ಅರ್ಧ ಗಂಟೆ ನನ್ನ ಕೆಲಸ, ಸಂಬಳ, ಒಳ್ಳೆಯತನ ಎಲ್ಲ ಹೇಳಿದೆ. ಅವರು ಗೇಟಿನ ಚಿಲಕ ಬಿಡಲಿಲ್ಲ. ಪಕ್ಕದಲ್ಲಿದ್ದ ಅಮ್ಮ ಕೇಳಿದ್ದು ಒಂದೇ: 'ಹಿಂದೆ ಇದ್ದವರು ಯಾಕೆ ಬಿಟ್ರು?' ಅಷ್ಟೇ, ಅವರ ಬಾಯಿ ಬಿಚ್ಚಿತು. ಮೋಟಾರ್ ಹಾಕಿ ಮರೆಯುತ್ತಿದ್ದರಂತೆ. ಟ್ಯಾಂಕ್ ತುಂಬಿ ಹರಿದು, ಸಂಪು ಬರಿದಾಗಿ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸಬೇಕಾಯಿತಂತೆ. 'ಮೋಟಾರ್ ನನಗೆ ಬಿಡಿ, ನಾನು ನೋಡ್ಕೋತೀನಿ' ಅಂದರು ಅಮ್ಮ. ಎಂಟು ತಿಂಗಳಿಗೆ ಇಳಿಯಿತು. 'ಟೋಕನ್ ಮಾತ್ರ ಈಗಲೇ ಕೊಟ್ಟು ಹೋಗಿ' ಅಂದರು ಮಾಲೀಕರು.

ಈ ಕಥೆ ಕೇಳಿದ ಮೇಲೆ ಡಿಎಂ ತನ್ನ ಪ್ರಶ್ನೆ ಬದಲಾಯಿಸಿದ. ಈಗ 'ಏನು ಹೇಳ್ತೀಯ' ಅನ್ನುವುದಿಲ್ಲ, 'ಅವನಿಗೆ ಏನು ಸಿಗುತ್ತೆ' ಅನ್ನುತ್ತಾನೆ. ಮುಂದಿನ ಸಲ ಒಂದು ಸೇತುವೆ ಕಾವಲು. ಆಡಿಟರ್ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವನ ಬೂಟು ಹೇಗಿದೆ?' ಅಂದಳು. ಡಿಎಂ ಅದನ್ನು ಯೋಚಿಸಿಯೇ ಇರಲಿಲ್ಲ. 'ಹರಿದಿದೆ' ಅಂದ. 'ನಮ್ಮ ಹತ್ರ ಸತ್ತ ಡಕಾಯಿತನ ಬೂಟು ಇದೆ. ಹೊಸದು.' ಬೇಕಾದ ಸಂಖ್ಯೆ 15ರಿಂದ 10ಕ್ಕೆ ಇಳಿಯಿತು. ಅವಳು ದಾಳ ಹಾಕಿದಳು. ನಾಲ್ಕು. ಐದು ಸೇರಿ ಒಂಬತ್ತು. ಕಾವಲುಗಾರ ಬೂಟನ್ನೂ ಇಟ್ಟುಕೊಂಡ, ನಮ್ಮನ್ನೂ ಬಿಡಲಿಲ್ಲ. ಅವಳು ಅಷ್ಟು ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಆಟ ಮುಗಿದಾಗ ಒಂಬತ್ತೂ ಮುಕ್ಕಾಲು. ಏಜೆಂಟ್, ಆಡಿಟರ್ ಹುಡುಗಿ, ನಾನು ಮೂವರೂ ವಿಜಯನಗರದ ಕಡೆಯವರು. 2025ರ ಆಗಸ್ಟಿನಿಂದ ಆಟೋಗೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18 ಅಂತ ಸರ್ಕಾರ ಬರೆದಿಟ್ಟಿದೆ. ನಿಯಮವೇನೋ ಇದೆ. ಮೊದಲು ಬಂದ ಆಟೋದವರು ಮುನ್ನೂರು ಅಂದರು. ಏಜೆಂಟ್ ಶುರು ಮಾಡಿದ. ಪೆಟ್ರೋಲ್, ಮಳೆ, ಮಕ್ಕಳ ಭವಿಷ್ಯ ಎಲ್ಲ ಬಂತು. ಅವರು ಗೇರ್ ಹಾಕಿ ಹೊರಟೇಬಿಟ್ಟರು. ಎರಡನೆಯವರು ಬಂದಾಗ ಹುಡುಗಿ ಮುಂದೆ ಹೋಗಿ, 'ಅಣ್ಣಾ, ನಿಮ್ಮ ಮನೆ ಯಾವ ಕಡೆ?' ಅಂತ ಕೇಳಿದಳು.

'ಮಾಗಡಿ ರೋಡ್ ಕಣಮ್ಮ. ಯಾಕೆ?'

'ವಿಜಯನಗರ ದಾರೀಲೇ ಸಿಗುತ್ತಲ್ವಾ, ಅಲ್ಲೇ ಇಳ್ಕೋತೀವಿ.'

ಅವರು ಅವಳನ್ನು ನೋಡಿದರು, ನಮ್ಮಿಬ್ಬರನ್ನು ನೋಡಿದರು. 'ಮೀಟರ್ ಮೇಲೆ ಇಪ್ಪತ್ತು ಕೊಡಿ. ಹತ್ತಿ.'

ಹತ್ತುವಾಗ ಅವಳು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು: 'ಎಂಟು ಬಿತ್ತು ಅನ್ಸುತ್ತೆ.'