ಮೋಟಾರ್ ಆಮೇಲೆ ನೋಡೋಣ, ಮೊದಲು ಚಾರ್ಜರ್ ತಗೊಳ್ಳಿ

ಆರ್‌ಸಿ ಕಾರಿನ, ಅಂದ್ರೆ ರಿಮೋಟಲ್ಲಿ ಓಡಿಸೋ ಪುಟ್ಟ ಕಾರಿನ ಹುಚ್ಚು ಈಗ ನಮ್ಮ ಬಾಗಲಕೋಟೆಗೂ ಬಂದಿದೆ. ಸಂಜೆಯಾದರೆ ನವನಗರದ ಖಾಲಿ ಸೈಟುಗಳಲ್ಲಿ ಹುಡುಗರು ಧೂಳೆಬ್ಬಿಸುತ್ತಾ ಓಡಿಸುತ್ತಿರುತ್ತಾರೆ. ನೋಡೋಕೆ ಖುಷಿ. ಆದರೆ ಎಲ್ಲರೂ ಕೇಳೋದು ಒಂದೇ. "ಅಣ್ಣಾ, ಎಷ್ಟು ಕೆವಿ ಮೋಟಾರ್ ಹಾಕ್ಲಿ? ಜೋರ್ ಓಡಬೇಕು ನೋಡ್ರಿ." ಕೆವಿ ಅಂದ್ರೆ ಮೋಟಾರ್ ತಿರುಗೋ ವೇಗದ ಅಂಕಿ. ಬ್ಯಾಟರಿ ಬಗ್ಗೆ ಯಾರೂ ಕೇಳಲ್ಲ, ಚಾರ್ಜರ್ ಅಂತೂ ಲೆಕ್ಕಕ್ಕೇ ಇಲ್ಲ. ನನ್ನ ತಕರಾರು ಇದೇ. ಇರೋ ದುಡ್ಡಲ್ಲಿ ಮೊದಲು ಒಂದು ಒಳ್ಳೆ ಬ್ಯಾಲೆನ್ಸ್ ಚಾರ್ಜರ್ (ಬ್ಯಾಟರಿಯ ಎಲ್ಲಾ ಸೆಲ್ಲುಗಳನ್ನೂ ಒಂದೇ ಮಟ್ಟಕ್ಕೆ ತುಂಬಿಸುವಂಥದ್ದು) ತಗೊಳ್ಳಿ, ಆಮೇಲೆ ಬ್ಯಾಟರಿ, ಮಿಕ್ಕಿದ್ದರಲ್ಲಿ ಮೋಟಾರ್.

ಲೈಪೊ, ಅಂದ್ರೆ ಲಿಥಿಯಂ ಪಾಲಿಮರ್ ಬ್ಯಾಟರಿಯ ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್ ಇರುತ್ತದೆ. 3 ವೋಲ್ಟಿಗಿಂತ ಕೆಳಗೆ ಹೋದರೆ ಅದರ ಕಥೆ ಮುಗಿದ ಹಾಗೆ. ಓಡಿಸದೆ ಎತ್ತಿಡುವಾಗ 3.8ರ ಹತ್ತಿರ ಇರಬೇಕು, ಅದಕ್ಕೇ ಚಾರ್ಜರಲ್ಲಿ ಸ್ಟೋರೇಜ್ ಅಂತ ಆಯ್ಕೆ ಇರೋದು. ನಮ್ಮವರು ಏನು ಮಾಡುತ್ತಾರೆ ಅಂದ್ರೆ, ಭಾನುವಾರಕ್ಕೆ ಅಂತ ಫುಲ್ ಚಾರ್ಜ್ ಮಾಡಿ, ಓಡಿಸೋಕೆ ಆಗದಿದ್ದರೆ ಹಾಗೇ ವಾರಗಟ್ಟಲೆ ಬಿಡುತ್ತಾರೆ, ಅದೂ 40 ಡಿಗ್ರಿ ಬಿಸಿಲಲ್ಲಿ ಗಾಡಿಯ ಡಿಕ್ಕಿಯೊಳಗೆ! ಆಮೇಲೆ ಬ್ಯಾಟರಿ ಉಬ್ಬುತ್ತೆ. ಟೇಬಲ್ ಮೇಲೆ ಇಟ್ಟು ಒಂದು ಮೂಲೆ ಒತ್ತಿ ನೋಡಿ, ಇನ್ನೊಂದು ಮೂಲೆ ಎದ್ದರೆ ಅದನ್ನ ಮತ್ತೆ ಚಾರ್ಜಿಗೆ ಹಾಕಬೇಡಿ. ಗಾಳಿ ಬಿಡ್ತೀನಿ ಅಂತ ಸೂಜಿ ಚುಚ್ಚೋದಂತೂ ಬೇಡವೇ ಬೇಡ, ಬೆಂಕಿ ಹತ್ತುತ್ತದೆ. ಇನ್ನೊಂದು ಮಾತು, ಮೋಟಾರಿನ ವೇಗ ನಿಯಂತ್ರಿಸೋ ಇಎಸ್‌ಸಿಯಲ್ಲಿ ಲೈಪೊ ಮೋಡ್ ಇದೆಯಾ ನೋಡಿಕೊಳ್ಳಿ. ನಿಕಲ್ ಬ್ಯಾಟರಿಯ ಮೋಡಲ್ಲೇ ಬಿಟ್ಟರೆ ಸೆಲ್ 3 ವೋಲ್ಟಿಗಿಂತ ಕೆಳಗೆ ಹೋಗೋ ಮೊದಲು ಅದು ಗಾಡಿ ನಿಲ್ಲಿಸಲ್ಲ.

ಸಿ ರೇಟಿಂಗ್ ಇನ್ನೊಂದು ತಮಾಷೆ. ಬ್ಯಾಟರಿ ತನ್ನ ಸಾಮರ್ಥ್ಯದ ಎಷ್ಟು ಪಟ್ಟು ಕರೆಂಟ್ ಕೊಡುತ್ತೆ ಅನ್ನೋ ಅಂಕಿ ಅದು. 5000 ಎಂಎಎಚ್ ಬ್ಯಾಟರಿ ಮೇಲೆ 100ಸಿ ಅಂತ ಬರೆದಿರುತ್ತಾರೆ. 5000 ಎಂಎಎಚ್ ಅಂದ್ರೆ 5 ಆಂಪಿಯರ್-ಅವರ್, ಅದರ 100 ಪಟ್ಟು ಲೆಕ್ಕ ಹಾಕಿದರೆ 500 ಆಂಪಿಯರ್! ಆ ವೈರ್ ದಪ್ಪ ನೋಡಿದರೇ ಗೊತ್ತಾಗುತ್ತೆ ಅಲ್ವಾ, ಅಷ್ಟು ಕರೆಂಟ್ ಹರಿದರೆ ಮೊದಲು ಕರಗೋದು ವೈರೇ.

ಈಗ ನಿಮ್ಮ ಪ್ರೀತಿಯ ಕೆವಿಗೆ ಬರೋಣ. ಒಂದು ವೋಲ್ಟಿಗೆ, ಲೋಡ್ ಇಲ್ಲದಾಗ, ಮೋಟಾರ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತೆ ಅನ್ನೋದಷ್ಟೇ ಅದು. 3300 ಕೆವಿ ಮೋಟಾರಿಗೆ 7.4 ವೋಲ್ಟಿನ 2ಎಸ್ (ಎರಡು ಸೆಲ್ಲಿನ) ಲೈಪೊ ಹಾಕಿದರೆ ಸುಮಾರು 24,400 ಸುತ್ತು. ಕಾಗದದ ಮೇಲೆ ಚೆಂದ. ಆದರೆ ನಮ್ಮ ಎರಿ ಮಣ್ಣಲ್ಲಿ, ಜೋಳ ಕೊಯ್ದ ಹೊಲದ ಕೂಳೆ ಮಧ್ಯೆ, ಲೋಡ್ ಇಲ್ಲದೆ ಗಾಡಿ ಎಲ್ಲಿ ಓಡುತ್ತೆ? ಅದೇ ಸೈಜಿನ ಮೋಟಾರಲ್ಲಿ ಕೆವಿ ಜಾಸ್ತಿಯಾದಷ್ಟೂ ಅಷ್ಟೇ ಎಳೆತಕ್ಕೆ ಹೆಚ್ಚು ಕರೆಂಟ್ ಬೇಕು. ಹೆಚ್ಚು ಕರೆಂಟ್ ಅಂದ್ರೆ ಹೆಚ್ಚು ಬಿಸಿ. ಬ್ರಶ್‌ಲೆಸ್ ಮೋಟಾರಿನೊಳಗಿನ ನಿಯೋಡಿಮಿಯಂ ಮ್ಯಾಗ್ನೆಟ್ ಅತಿಯಾಗಿ ಕಾದರೆ ಶಕ್ತಿ ಕಳೆದುಕೊಳ್ಳುತ್ತದೆ, ತಣ್ಣಗಾದ ಮೇಲೂ ಅದು ಪೂರ್ತಿ ವಾಪಸ್ ಬರಲ್ಲ.

ಮಕ್ಕಳಿಗೆ ಮೊದಲ ಗಾಡಿ ಅಂದ್ರೆ ಸುಮ್ನೆ 540 ಅನ್ನೋ ಸೈಜಿನ ಬ್ರಶ್ಡ್ (ಒಳಗಿನ ಕಾರ್ಬನ್ ಬ್ರಶ್ ಮೂಲಕ ಕರೆಂಟ್ ಹೋಗುವ) ಮೋಟಾರ್, 7.2 ವೋಲ್ಟಿನ ನಿಕಲ್ ಬ್ಯಾಟರಿ ಸಾಕು. ಬ್ರಶ್ ಸವೆಯುತ್ತೆ, ಸವೆಯಲಿ ಬಿಡಿ.

ಮೋಟಾರ್ ಕೈ ಸುಡುವಷ್ಟು ಕಾಯುತ್ತಿದ್ದರೆ ಹೊಸದು ಕೊಳ್ಳೋಕೆ ಓಡಬೇಡಿ. ಒಂದೆರಡು ಹಲ್ಲು ಕಡಿಮೆ ಇರೋ ಪಿನಿಯನ್ (ಮೋಟಾರ್ ಶಾಫ್ಟಿಗೆ ಹಾಕೋ ಸಣ್ಣ ಗಿಯರ್) ಹಾಕಿ ನೋಡಿ. ವೇಗ ಸ್ವಲ್ಪ ಇಳಿಯುತ್ತೆ, ಬಿಸಿಯೂ ಇಳಿಯುತ್ತೆ. ಕಷ್ಟ ಏನಂದ್ರೆ ಆ ಸಣ್ಣ ಪಿನಿಯನ್ ನಮ್ಮೂರಲ್ಲಿ ಸಿಗಲ್ಲ. ಬೆಳಗಾವಿ ಕಡೆಯವರು ಯಾರಾದರೂ ಉದ್ಯಮಬಾಗದ ವರ್ಕ್‌ಶಾಪಲ್ಲಿ ಮಾಡಿಸಿದ್ದರೆ ಕಾಮೆಂಟಲ್ಲಿ ಹೇಳ್ರಿ. 48 ಪಿಚ್ (ಹಲ್ಲಿನ ಅಳತೆ), 13 ಹಲ್ಲಿನದು ಬೇಕಿತ್ತು.